ತೊಳೆದ ಪತ್ರಕ್ಕೆ ತುಕ್ಕು ಹಿಡಿದಾಗ

ಮಂಡ್ಯದ ನಮ್ಮ ಮನೆಯ ಹಳೇ ಜಮೀನು ಪತ್ರಗಳ ಹುಳಿ ಅಂಶ ತೆಗೆಯಲು ಒಬ್ಬರು ಸುಣ್ಣದ ತಿಳಿನೀರಲ್ಲಿ ತೊಳೆದುಕೊಟ್ಟಿದ್ದರು. ಕಾಗದಕ್ಕೆ ಅದು ಒಳ್ಳೆಯದೇ. ಆದರೆ ಕಬ್ಬಿಣದ ಗುಂಡುಪಿನ್ನು ಹಾಗೇ ಇತ್ತು. ಸುಣ್ಣದ ಕ್ಷಾರ ಇರುವವರೆಗೆ ಕಬ್ಬಿಣಕ್ಕೆ ರಕ್ಷಣೆ. ಒಣಗುವಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಕ್ಷಾರ ಇಳಿಯುತ್ತದೆ, ಪಿನ್ನಿನಡಿ ತೇವ ಮಾತ್ರ ಉಳಿಯುತ್ತದೆ. ಅಲ್ಲೇ ತುಕ್ಕು. ಅದು ಸುಮ್ನೆ ಕಲೆಯಲ್ಲ, ಕಾಗದದ ನಾರನ್ನೇ ತಿನ್ನುತ್ತದೆ.

ಎಳೆದರೆ ಹರಿಯುತ್ತದೆ, ಅಲ್ವಾ? ಪಿನ್ನಿನಡಿ ತೆಳು ಪಾಲಿಯೆಸ್ಟರ್ ಹಾಳೆ ತೂರಿಸಿದೆ. ಸಣ್ಣ ಕಟ್ಟರಿನಿಂದ ಪಿನ್ನು ತುಂಡರಿಸಿ, ಎರಡೂ ಕಡೆಯಿಂದ ನಿಧಾನವಾಗಿ ಬಿಡಿಸಿದೆ. ಸಡಿಲ ತುಕ್ಕನ್ನು ಒಣ ಬ್ರಷ್‌ನಿಂದ ತೆಗೆದೆ. ತುಕ್ಕು ತೆಗೆಯುವ ಆಸಿಡ್ ದಯವಿಟ್ಟು ಮುಟ್ಟಿಸಬೇಡಿ. ಈಗ ಹಳೇ ತೂತಿನಲ್ಲೇ ಹತ್ತಿದಾರ ಪೋಣಿಸಿದ್ದೇನೆ. ಉಳಿದ ಕಟ್ಟುಗಳ ಪಿನ್ನುಗಳನ್ನು ತೊಳೆಯುವ ಮೊದಲೇ ತೆಗೆದೆ. ಅವುಗಳಲ್ಲಿ ಹೊಸ ಕಲೆ ಬಂದಿಲ್ಲ.