ಹತ್ತು ದಿನದ ದಾಖಲಾತಿ ಬಿಟ್ಟು ಬ್ಯುಪ್ರೆನಾರ್ಫಿನ್ ಹಿಡಿದ ನನ್ನ ಅನುಭವ

ಅಫೀಮಿನಂತೆ ಚಟ ಹಿಡಿಸುವ ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಚುಚ್ಚಿಕೊಳ್ಳುವ ಹುಡುಗರನ್ನು ಸಣ್ಣ ಊರಿನ ನರ್ಸಿಂಗ್ ಹೋಮಿನಲ್ಲೇ, ಚಟದ ಸೆಳೆತ ಮತ್ತು ನರಳಾಟ ತಡೆಯುವ ಬ್ಯುಪ್ರೆನಾರ್ಫಿನ್–ನಲೊಕ್ಸೋನ್ ಮಾತ್ರೆ ಕೊಟ್ಟು ವರ್ಷಗಟ್ಟಲೆ ಉಳಿಸಿಕೊಳ್ಳುತ್ತೇನೆ ಎಂದಾಗ ಜೊತೆಯ ಮನೋವೈದ್ಯರೇ ನಂಬಲಿಲ್ಲ. ‘ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸುತ್ತೀರಿ’ ಎಂದರು. ಈಗ ಅವರಲ್ಲೇ ಕೆಲವರು ರೋಗಿಗಳನ್ನು ನನ್ನ ಬಳಿಗೆ ಕಳುಹಿಸುತ್ತಿದ್ದಾರೆ.

2018ರಲ್ಲಿ ಟ್ರಮಡಾಲ್ ಎಂಬ ನೋವಿನ ಮಾತ್ರೆ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯೊಳಗೆ ಬಂದ ಮೇಲೆ ನಮ್ಮ ಕಡೆಯ ಹುಡುಗರು ಟ್ಯಾಪೆಂಟಡಾಲಿಗೆ ಹೊರಳಿದರು. ಆಗ ನಾನೂ ಎಲ್ಲರಂತೆ ಹತ್ತು ದಿನ ದಾಖಲು ಮಾಡಿಕೊಂಡು, ಚಟ ಬಿಟ್ಟಾಗಿನ ನರಳಾಟ ಇಳಿಸುವ ಕ್ಲೋನಿಡಿನ್, ನೋವಿನ ಮಾತ್ರೆ, ನಿದ್ರೆ ಮಾತ್ರೆ ಕೊಟ್ಟು ಕಳುಹಿಸುತ್ತಿದ್ದೆ. ಮನೆಯವರಿಗೆ ಇಪ್ಪತ್ತೈದು–ಮೂವತ್ತು ಸಾವಿರ ಖರ್ಚು. ಎರಡು ಮೂರು ತಿಂಗಳೊಳಗೆ ಮುಕ್ಕಾಲು ಪಾಲು ಹುಡುಗರು ಮತ್ತೆ ಸಿರಿಂಜು ಹಿಡಿಯುತ್ತಿದ್ದರು, ತಾಯಂದಿರು ಮತ್ತೆ ಬಳೆ ಅಡವಿಡುತ್ತಿದ್ದರು. ಹಣ ಹೋದದ್ದು ಸಣ್ಣ ಮಾತು. ಹತ್ತು ದಿನ ಬಿಟ್ಟವನ ಮೈ ಹಳೆಯ ಡೋಸನ್ನು ತಡೆಯುವುದಿಲ್ಲ. ನನ್ನ ವಾರ್ಡಿನಿಂದ ಗುಣವಾಗಿ ಹೋದ ಒಬ್ಬ ಹುಡುಗ ಹಳೆಯ ಅಳತೆಯಲ್ಲೇ ಚುಚ್ಚಿಕೊಂಡು ಸತ್ತ. ಆ ಸಾವಿನ ನಂತರ ಬರೀ ಹತ್ತು ದಿನದ ಚಿಕಿತ್ಸೆಯನ್ನು ನಾನು ಯಾರಿಗೂ ಹೇಳಿಲ್ಲ.

ನಡುವೆ, ಚುಚ್ಚಿಕೊಂಡರೂ ಅಮಲು ಏರದಂತೆ ತಡೆಯುವ ನಾಲ್ಟ್ರೆಕ್ಸೋನ್ ಹಿಡಿದು ಒಂದು ವರ್ಷ ಗುದ್ದಾಡಿದೆ. ಅದಕ್ಕೆ ಮೊದಲು ಏಳರಿಂದ ಹತ್ತು ದಿನ ಮೈ ಖಾಲಿ ಇರಬೇಕು. ಅಲ್ಲಿಗೇ ಅರ್ಧ ಜನ ಜಾರಿದರು. ಉಳಿದವರು 50 ಮಿಲಿಗ್ರಾಂ ಮಾತ್ರೆಯನ್ನು ಎರಡು ಮೂರು ದಿನ ತಪ್ಪಿಸಿ ಚುಚ್ಚಿಕೊಂಡರು. ನೌಕರಿ ಹೋಗುವ ಭಯವಿದ್ದವರು, ಮಾತ್ರೆಯನ್ನು ಕೈಯಾರೆ ನುಂಗಿಸುವ ಹೆಂಡತಿಯೋ ಅಣ್ಣನೋ ಇದ್ದವರು ಮಾತ್ರ ನಿಂತರು. ಉಳಿದ ಮಾತ್ರೆಗಳನ್ನು, ಲಿವರ್ ಪರೀಕ್ಷೆ ಮಾಡಿಸಿ, ಕುಡಿತದ ರೋಗಿಗಳಿಗೆ ಕೊಟ್ಟು ನೋಡಿದೆ. ಅಲ್ಲಿ ಫಲ ಚೆನ್ನಾಗಿ ಬಂತು. ಕುಡಿತದ ಸೆಳೆತಕ್ಕೆ ಅಕಾಂಪ್ರೊಸೇಟ್ ಕೂಡ ಒಳ್ಳೆಯ ಔಷಧ, ಆದರೆ ದಿನಕ್ಕೆ ಆರು ಮಾತ್ರೆಯನ್ನು ಯಾವ ಲಾರಿ ಚಾಲಕನೂ ನುಂಗಲಿಲ್ಲ.

ಬ್ಯುಪ್ರೆನಾರ್ಫಿನ್‌ನ ಗೆಲುವೆಲ್ಲ ಮೊದಲ ದಿನದ ತಾಳ್ಮೆಯಲ್ಲಿದೆ. ಹಳೆಯ ಡೋಸ್ ಮೈಯಲ್ಲಿರುವಾಗಲೇ ಬೇಗ ಕೊಟ್ಟರೆ ಅದು ಆ ಡೋಸನ್ನು ತಳ್ಳಿ ಒಮ್ಮೆಲೇ ತೀವ್ರ ನರಳಾಟ ಎಬ್ಬಿಸುತ್ತದೆ. ಆ ನರಳಾಟ ಕಂಡ ರೋಗಿ ಮತ್ತೆ ಬರುವುದಿಲ್ಲ, ಊರಿಗೆಲ್ಲ ಹೇಳಿಯೂ ಬರುತ್ತಾನೆ. ಕೊನೆಯ ಡೋಸಿನಿಂದ ಕನಿಷ್ಠ ಹನ್ನೆರಡು ಗಂಟೆ ಕಾಯಿಸುತ್ತೇನೆ. ಗಡಿಯಾರಕ್ಕಿಂತ ಅರಳಿದ ಕಣ್ಣಿನ ಪಾಪೆ, ಆಕಳಿಕೆ, ಮೈ ಕೂದಲು ನಿಮಿರುವುದನ್ನು ನಂಬುತ್ತೇನೆ. ಈ ನರಳಾಟವನ್ನು ಅಳೆಯುವ ಕೌಸ್ ಪಟ್ಟಿಯ ಅಂಕ ಹನ್ನೆರಡರ ಹತ್ತಿರ ಬಂದ ಮೇಲೆ 2 ಮಿಲಿಗ್ರಾಂ, ಒಂದೆರಡು ಗಂಟೆ ನೋಡಿ ಮತ್ತೆ 2. ನನ್ನ ಬಹುತೇಕ ರೋಗಿಗಳು 4ರಿಂದ 8ರೊಳಗೆ ನೆಲೆ ನಿಂತಿದ್ದಾರೆ. ಕಾಯಲಾರದವರಿಗೆ ಸ್ವಿಟ್ಜರ್‌ಲೆಂಡಿನ ಬರ್ನ್ ವೈದ್ಯರು 2016ರಲ್ಲಿ ಪ್ರಕಟಿಸಿದ ಹಳೆಯದನ್ನು ಒಮ್ಮೆಲೇ ನಿಲ್ಲಿಸದೆ ಚಿಕ್ಕ ಡೋಸಿನಿಂದ ಏರುವ ದಾರಿ ಇದೆ, ನಮ್ಮ 0.4 ಮಿಲಿಗ್ರಾಂ ಮಾತ್ರೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ನನ್ನ ಏರಿಕೆಯ ಪಟ್ಟಿಯನ್ನು ಮಾತ್ರ ಇಲ್ಲಿ ಕೊಡುವುದಿಲ್ಲ. ರೋಗಿಯನ್ನು ದಿನವೂ ಕಣ್ಣಾರೆ ನೋಡದೆ ಅದನ್ನು ನಕಲು ಮಾಡಿದರೆ ಕೆಡುತ್ತದೆ. ಬೇಕಾದವರು ಬಂದು ವಾರ ಕುಳಿತು ನೋಡಲಿ.

ನಾಲಿಗೆಯ ಕೆಳಗೆ ಇಡುವ ಮಾತ್ರೆ ಅಂದರೆ ನಮ್ಮಲ್ಲಿ ಮೊದಲ ಶತ್ರು ಗುಟ್ಕಾ. ‘ಮಾತ್ರೆ ಹತ್ತುತ್ತಿಲ್ಲ ಸಾರ್’ ಎಂದು ಬಂದವನ ಡೋಸ್ ಏರಿಸುವ ಮೊದಲು ಬಾಯಿ ನೋಡುತ್ತೇನೆ. ಬಾಯಿ ತೊಳೆಸಿ, ನೀರು ಕುಡಿಸಿ, ಎದುರಿಗೇ ಕೂರಿಸಿ ಕರಗಿಸಿದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಕರಗಿದ ಮೇಲೆ ನೀರು ಮುಕ್ಕಳಿಸಬೇಕು, ಒಂದು ಗಂಟೆ ಹಲ್ಲುಜ್ಜಬಾರದು. ಹಲ್ಲು ಹಾಳಾಗುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಸುವ ಮೊದಲೇ ನಾನು ಇದನ್ನು ಹೇಳುತ್ತಿದ್ದೆ. ಮಾತ್ರೆಯನ್ನು ಕೆನ್ನೆಯಲ್ಲಿ ಅಡಗಿಸಿ ಹೊರಗೆ ಮಾರುವವರನ್ನು ಹೇಗೆ ಹಿಡಿಯುತ್ತೇನೆ ಎಂಬುದನ್ನು ಬರೆಯುವುದಿಲ್ಲ, ರೋಗಿಗಳೂ ಇದನ್ನು ಓದುತ್ತಾರೆ. ಮಾಮೂಲಿ ಮೂತ್ರದ ಕಿಟ್ ನಂಬಬೇಡಿ ಎಂದಷ್ಟೇ ಹೇಳುತ್ತೇನೆ. ಮಾರ್ಫಿನ್ ಹುಡುಕುವ ಪಟ್ಟಿಗೆ ಟ್ಯಾಪೆಂಟಡಾಲ್ ಕಾಣಿಸುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಬ್ಯುಪ್ರೆನಾರ್ಫಿನ್ ಜೊತೆ ಮದ್ಯ ಅಥವಾ ನಿದ್ರೆ ತರಿಸುವ ಆಲ್‌ಪ್ರಝೋಲಾಂ ಸೇರಿದರೆ ಉಸಿರು ನಿಲ್ಲಬಹುದು, ಆದ್ದರಿಂದ ಅಂಥವರಿಗೆ ಮನೆಗೆ ಮಾತ್ರೆ ಕೊಡುವುದಿಲ್ಲ.

ಇನ್ನು ಹಣದ ಮಾತು. ಮೊದಲ ದಾಸ್ತಾನಿಗೆ ಕೈಯಿಂದ ಅರವತ್ತು–ಎಪ್ಪತ್ತು ಸಾವಿರ ಹಾಕಿದೆ. ಪರವಾನಗಿ, ರಿಜಿಸ್ಟರು, ಎಣಿಕೆ ಎಂದು ಒಬ್ಬ ನರ್ಸಿನ ಅರ್ಧ ಸಂಬಳ ಅದಕ್ಕೇ ಹೋಗುತ್ತದೆ. ಒಂದೂವರೆ ವರ್ಷ ನಷ್ಟ. ಈಗ ತಿಂಗಳಿಗೆ ಒಬ್ಬರಿಂದ ಎರಡು–ಎರಡೂವರೆ ಸಾವಿರ ಬರುತ್ತದೆ, ನನ್ನ ಚಿಕಿತ್ಸಾ ಕೇಂದ್ರ ತನ್ನ ಕಾಲ ಮೇಲೆ ನಿಂತಿದೆ. ‘ಇದನ್ನು ಎಂದು ನಿಲ್ಲಿಸುತ್ತೀರಿ?’ ಎಂದು ಜಗಳಕ್ಕೆ ಬರುವ ಅಪ್ಪಂದಿರಿಗೆ ಮಗ ಕಳ್ಳ ಸ್ಟ್ರಿಪ್ಪಿಗೆ ದಿನವೂ ಸುರಿಯುತ್ತಿದ್ದ ಹಣವನ್ನು ಕಾಗದದ ಮೇಲೆ ಬರೆದು ತೋರಿಸುತ್ತೇನೆ. ವೈದ್ಯ ಮಿತ್ರರು ಕೇಳಿದರೆ ಫ್ರಾನ್ಸ್ ತೋರಿಸುತ್ತೇನೆ. ಅಲ್ಲಿ 1990ರ ದಶಕದ ನಡುವೆ ಸಾಮಾನ್ಯ ವೈದ್ಯರಿಗೂ ಬ್ಯುಪ್ರೆನಾರ್ಫಿನ್ ಬರೆಯಲು ಬಿಟ್ಟರು. 1999ರ ಹೊತ್ತಿಗೆ ಮಿತಿಮೀರಿದ ಡೋಸಿನ ಸಾವುಗಳು ಐದರಲ್ಲಿ ನಾಲ್ಕು ಪಾಲು ಇಳಿದಿದ್ದವು.

ವರ್ಷ ಕಳೆದ ಮೇಲೂ ನನ್ನಲ್ಲಿ ಹತ್ತಕ್ಕೆ ಆರು ಜನ ಉಳಿದಿದ್ದಾರೆ. ದಾಖಲಾತಿಯ ಕಾಲದಲ್ಲಿ ಎರಡು ಉಳಿದರೆ ಹೆಚ್ಚು. ದೂರದ ಹಳ್ಳಿಯಿಂದ ಬರುವ ಕೂಲಿಯವರಿಗೆ ದಿನ ಬಿಟ್ಟು ದಿನ ದುಪ್ಪಟ್ಟು ಡೋಸ್ ಕೊಟ್ಟು ನೋಡುತ್ತಿದ್ದೇನೆ. ಸುಮಾರಾಗಿ ಎಲ್ಲರಿಗೂ ಒಗ್ಗಿದೆ. ಎರಡು ವರ್ಷದೊಳಗೆ ಡೋಸ್ ಇಳಿಸುವ ಮಾತೆತ್ತುವುದಿಲ್ಲ. ಇಳಿಸುವಾಗ ಕೊನೆಯ 2 ಮಿಲಿಗ್ರಾಂ ಎಲ್ಲಕ್ಕಿಂತ ಕಷ್ಟ, ಅದಕ್ಕೇ ಐದಾರು ತಿಂಗಳು ಹಿಡಿಯುತ್ತದೆ. ಪೂರ್ತಿ ನಿಲ್ಲಿಸಿದವರಲ್ಲಿ ಅರ್ಧದಷ್ಟು ಮಂದಿ ಮರಳಿ ಬಂದಿದ್ದಾರೆ. ಬಂದವರಿಗೆ ಬೈಗುಳವಿಲ್ಲ, ಮೈ ಸಿದ್ಧವಾದ ಕೂಡಲೇ ಮತ್ತೆ ಮಾತ್ರೆ ಶುರು.