ಹಳೇ ಬಾಬ್‌ಕ್ಯಾಟ್‌ಗೆ ಹೈಡ್ರಾಲಿಕ್ ಆಯಿಲ್: ಮುಚ್ಚಳ ತೆಗೆಯೋ ಮುಂಚೆ ಒರೆಸಿ

ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆಗಳಲ್ಲಿ ಬಗ್ಯಾಸ್ (ಕಬ್ಬು ಅರೆದು ಉಳಿದ ಸಿಪ್ಪೆ) ತಳ್ಳುತ್ತಾ ನಿಂತಲ್ಲೇ ಗಿರಗಿರ ತಿರುಗುವ ಪುಟ್ಟ ಲೋಡರ್ ನೋಡಿರುತ್ತೀರಿ. ಯಾವ ಕಂಪನಿಯದೇ ಇರಲಿ, ನಮ್ಮ ಬಾಯಲ್ಲಿ ಅದು ಬಾಬ್‌ಕ್ಯಾಟ್. ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ. ಕಬ್ಬು ಅರೆಯುವ ಸೀಸನ್‌ನಲ್ಲಿ ಕಾರ್ಖಾನೆ, ಆಮೇಲೆ ಇಳಕಲ್ ಕಡೆ ಕಲ್ಲಿನ ಕೆಲಸ. ಎರಡೂ ಕಡೆ ಧೂಳೇ ಧೂಳು. ಈ ಗಾಡಿಯಲ್ಲಿ ಗಾಲಿ ತಿರುಗುವುದೂ ಆಯಿಲ್‌ನಿಂದ, ಬಕೆಟ್ ಏಳುವುದೂ ಆಯಿಲ್‌ನಿಂದ. ಹಾಗಾಗಿ ಆಯಿಲ್ ಕೆಟ್ಟರೆ ಬರೀ ಬಕೆಟ್ ಅಲ್ಲ, ಇಡೀ ಗಾಡಿಯೇ ಕೂತುಬಿಡುತ್ತದೆ.

ಆ ಆಯಿಲ್ ತಳ್ಳುವ ನನ್ನ ಪಂಪ್ ಹೋಗಿದ್ದು ಆಯಿಲ್ ಕಮ್ಮಿಯಾಗಿ ಅಲ್ಲ, ಆಯಿಲ್ ಹಾಕಿ. ನಾನೇ ಹಾಕಿದ್ದು. ನೀರಿನ ಬಾಟಲಿ ಅರ್ಧಕ್ಕೆ ಕೊಯ್ದು ಲಾಳಿಕೆ ಮಾಡಿಕೊಂಡು, ಮುಚ್ಚಳದ ಸುತ್ತ ಬೆರಳು ದಪ್ಪ ಕೂತಿದ್ದ ಬಗ್ಯಾಸ್ ಧೂಳನ್ನು ಊದಿ ಹಾರಿಸಿ, ಐದು ಲೀಟರ್ ಸುರಿದೆ. ಹಾರಿದ್ದು ಅರ್ಧ, ಒಳಗೆ ಬಿದ್ದದ್ದು ಅರ್ಧ. ಪಂಪ್ ಒಳಗಿನ ಸಂದು ಕೂದಲೆಳೆಗಿಂತಲೂ ಸಣ್ಣದು, ಕಣ್ಣಿಗೆ ಕಾಣದ ಕಣವೂ ಅಲ್ಲಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಅದಕ್ಕೇ ಮೊದಲು ಏರ್ ಹೊಡೆದು, ಆಮೇಲೆ ಡೀಸೆಲ್ ಬಟ್ಟೆಯಿಂದ ಒರೆಸಿ, ಕೊನೆಗೆ ಒಣ ಬಟ್ಟೆ. ಕಾಟನ್ ವೇಸ್ಟ್ ಬೇಡ, ಅದು ನೂಲು ಬಿಡುತ್ತದೆ. ತೊಳೆದ ಹಳೇ ಪಂಚೆ ಒಳ್ಳೆಯದು. ಲಾಳಿಕೆಗೆ ಸಣ್ಣ ಜಾಲರಿ ಇರಲಿ, ಅದನ್ನು ಬೇರೆ ಯಾವುದಕ್ಕೂ ಬಳಸಬೇಡಿ.

ಈಗ ಲೆವೆಲ್ ನೋಡುವ ಕ್ರಮ. ಗಾಡಿ ಸಮನೆಲದಲ್ಲಿ, ಆರ್ಮ್ (ಬಕೆಟ್ ಎತ್ತುವ ತೋಳು) ಪೂರ್ತಿ ಕೆಳಗೆ, ಬಕೆಟ್ ನೆಲಕ್ಕೆ ಚಪ್ಪಟೆ, ಎಂಜಿನ್ ಬಂದ್. ಆರ್ಮ್ ಮೇಲಿದ್ದರೆ ಒಂದಷ್ಟು ಆಯಿಲ್ ಸಿಲಿಂಡರ್‌ನಲ್ಲಿ ಕೂತಿರುತ್ತದೆ, ಟ್ಯಾಂಕ್ ಕಮ್ಮಿ ತೋರಿಸುತ್ತದೆ. ಅದನ್ನು ನಂಬಿ ತುಂಬಿಸಿದರೆ ಆರ್ಮ್ ಇಳಿಸಿದಾಗ ಮುಚ್ಚಳದಿಂದ ಉಕ್ಕುತ್ತದೆ. ಬಿಸಿ ಗಾಡಿಯ ಮುಚ್ಚಳ ಒಂದೇ ಸಲಕ್ಕೆ ತಿರುವಬೇಡಿ, ಒಳಗೆ ಒತ್ತಡ ಇರಬಹುದು. ಮೆಲ್ಲಗೆ ಸಡಿಲಿಸಿ, ಉಸ್ ಅಂದ ಮೇಲೆ ತೆಗೆಯಿರಿ. ಕೆಲವು ಗಾಡಿಗೆ ಗಾಜಿನ ಕಿಂಡಿ ಇರುತ್ತದೆ, ಕೆಲವಕ್ಕೆ ಡಿಪ್‌ಸ್ಟಿಕ್. ಗಾಜು ಹಳದಿಯಾಗಿದ್ದರೆ ಅದು ನಿಜವಾದ ಲೆವೆಲ್ಲೋ ಹಳೇ ಕಲೆಯೋ ಗೊತ್ತಾಗುವುದಿಲ್ಲ, ಗಾಡಿ ಸ್ವಲ್ಪ ಅಲುಗಾಡಿಸಿ ನೋಡಿ.

ಬಣ್ಣವನ್ನೂ ನೋಡಿ. ಮಜ್ಜಿಗೆ ತರಹ ಬೆಳ್ಳಗಿದ್ದರೆ ನೀರು ಸೇರಿದೆ. ನೊರೆ ಇದ್ದರೆ ಪಂಪ್ ಎಲ್ಲೋ ಗಾಳಿ ಎಳೆಯುತ್ತಿದೆ, ಹೆಚ್ಚಾಗಿ ಸಕ್ಷನ್ ಪೈಪಿನ (ಟ್ಯಾಂಕಿನಿಂದ ಪಂಪ್‌ಗೆ ಆಯಿಲ್ ಎಳೆಯುವ ಪೈಪ್) ಕ್ಲಿಪ್ ಸಡಿಲ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಗಾಡಿ ತುಂಬಾ ಕಾದಿದೆ. ಇಂಥ ಆಯಿಲ್ ಮೇಲೆ ಹೊಸದು ಸುರಿಯುವುದು ಹಳಸಿದ ಸಾರಿಗೆ ಒಗ್ಗರಣೆ ಕೊಟ್ಟ ಹಾಗೆ.

ಯಾವ ಆಯಿಲ್? ಅಂಗಡಿಯವನನ್ನಲ್ಲ, ಗಾಡಿಯ ಪುಸ್ತಕವನ್ನು ಕೇಳಿ. ಕೆಲವು ಹಳೇ ಮಾಡೆಲ್‌ಗಳು ಹೈಡ್ರಾಲಿಕ್‌ಗೂ 10ಡಬ್ಲ್ಯೂ-30 ಎಂಜಿನ್ ಆಯಿಲ್ಲೇ ಕೇಳುತ್ತವೆ, ಇನ್ನು ಕೆಲವು 46 ಅಥವಾ 68 ನಂಬರಿನ ಹೈಡ್ರಾಲಿಕ್ ಆಯಿಲ್. ಆ ನಂಬರು ಅಂದ್ರೆ 40 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಮಂದ ಅನ್ನುವುದು, ನಂಬರು ಜಾಸ್ತಿಯಾದಷ್ಟೂ ಮಂದ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ 68 ಹಾಕುವವರು ಬಹಳ ಜನ. ಪುಸ್ತಕ ಒಪ್ಪಿದರೆ ಹಾಕಿ, ಆದರೆ ಡಿಸೆಂಬರ್ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೆಲಸಕ್ಕೆ ಬಿಡಬೇಡಿ, ಐದು ನಿಮಿಷ ಸುಮ್ನೆ ಓಡಲಿ. ಎರಡು ಜಾತಿ ಆಯಿಲ್ ಬೆರೆಸುವುದಂತೂ ಬೇಡವೇ ಬೇಡ.

ಬ್ಯಾರಲ್ ತಂದಿಡುವವರಿಗೆ ಒಂದು ಮಾತು. ಅಂಗಳದಲ್ಲಿ ಬ್ಯಾರಲ್ ನೆಟ್ಟಗೆ ನಿಲ್ಲಿಸಿದರೆ ಮಳೆ ನೀರು ಮೇಲಿನ ತಟ್ಟೆಯಲ್ಲಿ ನಿಲ್ಲುತ್ತದೆ. ಹಗಲು ಕಾದ ಬ್ಯಾರಲ್ ರಾತ್ರಿ ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗಿ, ಬಿರಡೆಯ ಸಂದಿನಿಂದ ಆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಸೀಲ್ ಒಡೆಯದ ಬ್ಯಾರಲ್‌ನಲ್ಲೂ ನೀರು ಎಲ್ಲಿಂದ ಬಂತು ಅಂತ ನಾನು ತಲೆ ಕೆಡಿಸಿಕೊಂಡಿದ್ದೆ, ಇದೇ ಕಾರಣ. ಶೆಡ್ ಒಳಗಿಡಿ. ಜಾಗ ಇಲ್ಲದಿದ್ದರೆ ಅಡ್ಡ ಮಲಗಿಸಿ, ಎರಡೂ ಬಿರಡೆ ಒಂದೇ ಮಟ್ಟದಲ್ಲಿ ಎಡಕ್ಕೊಂದು ಬಲಕ್ಕೊಂದು ಬರುವಂತೆ.

ಪೂರ್ತಿ ಬದಲಿಸುವುದಾದರೆ ಆಯಿಲ್ ಬೆಚ್ಚಗಿದ್ದಾಗ ಇಳಿಸಿ, ಕೊಳೆ ಜೊತೆಗೇ ಹೋಗುತ್ತದೆ. ಕುದಿಯುವಷ್ಟು ಬಿಸಿ ಇದ್ದಾಗ ಮಾತ್ರ ಬೇಡ, ಕೈ ಸುಡುತ್ತದೆ. ಫಿಲ್ಟರ್ ಜೊತೆಗೇ ಬದಲಿಸಿ, ಅಲ್ಲಿ ಉಳಿತಾಯ ಮಾಡಬೇಡಿ. ಹೊಸ ಫಿಲ್ಟರಿನ ರಬ್ಬರ್‌ಗೆ ಹೊಸ ಆಯಿಲ್ ಸವರಿ, ಕೈಯಲ್ಲೇ ಬಿಗಿ ಮಾಡಿ. ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು. ಹಳೇ ಫಿಲ್ಟರ್ ಕತ್ತರಿಸಿ ನೋಡಿ: ಹಿತ್ತಾಳೆ ಬಣ್ಣದ ಮಿಂಚು ಕಂಡರೆ ಪಂಪೋ ಗಾಲಿ ತಿರುಗಿಸುವ ಮೋಟಾರೋ ಸವೆಯುತ್ತಿದೆ, ದುಡ್ಡು ಹೊಂದಿಸಿಕೊಳ್ಳಲು ಶುರು ಮಾಡಿ.

ತುಂಬಿಸಿದ ಕೂಡಲೇ ರೇಸ್ ಮಾಡಬೇಡಿ. ಸಣ್ಣ ಐಡ್ಲಿಂಗ್‌ನಲ್ಲಿ ಬಿಟ್ಟು, ಆರ್ಮ್ ಮತ್ತು ಬಕೆಟ್ ನಾಲ್ಕೈದು ಸಲ ನಿಧಾನ ಏರಿಸಿ ಇಳಿಸಿ, ಮುಂದೆ ಹಿಂದೆ ಸ್ವಲ್ಪ ಓಡಿಸಿ. ಪಂಪ್ ಕೊಯ್ಯೋ ಅಂತ ಕಿರುಚುತ್ತಿದ್ದರೆ ಇನ್ನೂ ಗಾಳಿ ಇದೆ. ಸದ್ದು ನಿಲ್ಲದಿದ್ದರೆ ಬಂದ್ ಮಾಡಿ ಸಕ್ಷನ್ ಕಡೆ ನೋಡಿ. ಸದ್ದು ನಿಂತ ಮೇಲೆ ಲೆವೆಲ್ ಮತ್ತೆ ಕಮ್ಮಿಯಾಗಿರುತ್ತದೆ, ಗುರುತಿಗೆ ಬರುವಷ್ಟು ಮಾತ್ರ ಹಾಕಿ. ಕಾದ ಆಯಿಲ್ ಹಿಗ್ಗುತ್ತದೆ, ಅದಕ್ಕೂ ಜಾಗ ಬೇಕಲ್ವಾ.

ಆಯಿಲ್ ತಣಿಸುವ ಕೂಲರ್ ಮರೆಯಬೇಡಿ. ಬಗ್ಯಾಸ್ ಅದರ ಜಾಲಿಗೆ ಕಂಬಳಿ ಹೊದಿಸಿಬಿಡುತ್ತದೆ. ಗಾಳಿ ಒಳಗೆ ಹೋಗುವ ದಿಕ್ಕಿಗೆ ಎದುರಿನಿಂದ ಏರ್ ಹೊಡೆಯಿರಿ. ಕಾರ್ಖಾನೆ ಕೆಲಸದಲ್ಲಿ ನಾನು ದಿನಾ ಮಾಡುತ್ತೇನೆ.

ವಾರ ವಾರ ಆಯಿಲ್ ಹಾಕಬೇಕಾಗಿ ಬಂದರೆ ಹಾಕುವುದು ಉಪಾಯವಲ್ಲ, ಸೋರುವ ಜಾಗ ಹುಡುಕಬೇಕು. 1957ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕೆಲ್ಲರ್ ಅಣ್ಣತಮ್ಮಂದಿರು ಈ ಗಾಡಿಯ ಮೊದಲ ರೂಪ ಮಾಡಿದ್ದು ಟರ್ಕಿ ಕೋಳಿ ಸಾಕುವ ಶೆಡ್ ಸ್ವಚ್ಛ ಮಾಡೋಕೆ. ಇಕ್ಕಟ್ಟಿನಲ್ಲಿ ತಿರುಗೋಕೆ ಹುಟ್ಟಿದ ಗಾಡಿ, ಒಳಗಡೆಯೂ ಇಕ್ಕಟ್ಟೇ. ಪೈಪ್‌ಗಳು ಒಂದಕ್ಕೊಂದು ಉಜ್ಜಿ ತೂತಾಗುತ್ತವೆ. ಸೋರುವಿಕೆ ಹುಡುಕುವಾಗ ಪೈಪಿನ ಮೇಲೆ ಕೈ ಆಡಿಸಬೇಡಿ. ಸೂಜಿ ತೂತಿನಿಂದ ಚಿಮ್ಮುವ ಆಯಿಲ್ ಚರ್ಮದೊಳಗೆ ನುಗ್ಗುತ್ತದೆ. ರಟ್ಟಿನ ತುಂಡು ಹಿಡಿಯಿರಿ, ಒದ್ದೆಯಾದ ಕಡೆ ತೂತು. ಅಕಸ್ಮಾತ್ ಚುಚ್ಚಿದರೆ, ಗಾಯ ಇರುವೆ ಕಚ್ಚಿದಷ್ಟೇ ಕಂಡರೂ ಅರಿಶಿಣ ಹಚ್ಚಿ ಕೂರದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಆಯಿಲ್ ಒಳಗೆ ಹೋಗಿದೆ ಅಂತ ಬಾಯಿ ಬಿಟ್ಟು ಹೇಳಿ. ಎತ್ತಿದ ಆರ್ಮ್ ಕೆಳಗೆ ಕೆಲಸ ಮಾಡುವುದಾದರೆ ಗಾಡಿಯ ಜೊತೆ ಬಂದ ಲಾಕ್ ಹಾಕಿಯೇ ತಲೆ ಒಳಗಿಡಿ. ಕಟ್ಟಿಗೆ ತುಂಡು ನಂಬಬೇಡಿ.

ಇಳಿಸಿದ ಹಳೇ ಆಯಿಲ್ ಹೊಲಕ್ಕೂ ಬೇಡ, ಬಾವಿ ಹತ್ತಿರವೂ ಬೇಡ. ನಾನು ಕ್ಯಾನ್‌ಗಳಲ್ಲಿ ಕೂಡಿಟ್ಟು, ಲೈಸೆನ್ಸ್ ಇರುವ ಹಳೇ ಆಯಿಲ್ ವ್ಯಾಪಾರಿಗೆ ಕೊಡುತ್ತೇನೆ. ಕ್ಯಾನ್ ಮೇಲೆ ದೊಡ್ಡದಾಗಿ "ಹಳೇದು" ಅಂತ ಪೇಂಟ್‌ನಲ್ಲಿ ಬರೆದಿದ್ದೇನೆ, ಯಾಕಂದ್ರೆ ಒಂದು ಸಲ ನಮ್ಮ ಹುಡುಗ ಅದನ್ನೇ ಎತ್ತಿಕೊಂಡು ಟ್ಯಾಂಕ್ ಹತ್ತಿರ ಹೊರಟಿದ್ದ.