ಗುಡ್ಡ ಹತ್ತುವಾಗ ಕಾಲಿನ ಹರಡು ನೋಯುತ್ತಿದ್ದರೆ

ಮಂಡಿಗೆ ವಯಸ್ಸಾದರೆ ಸವೆತ ತಾನಾಗಿ ಬರುವುದುಂಟು. ಹರಡಿನ, ಅಂದರೆ ಪಾದ ಕಾಲಿಗೆ ಕೂಡುವ ಕೀಲಿನ, ಸಂಧಿವಾತಕ್ಕೆ ಮಾತ್ರ ಹೆಚ್ಚಿನವರಲ್ಲಿ ಹಳೆಯ ಪೆಟ್ಟೇ ಕಾರಣ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿ ಮೂಳೆ ಮುರಿದದ್ದು, ಅಡಿಕೆ ತೋಟದ ಕಾದಿಗೆ (ನೀರು ಬಸಿಯುವ ಕಾಲುವೆ) ದಾಟುವಾಗ ಮತ್ತೆ ಮತ್ತೆ ಉಳುಕಿದ್ದು ಎಷ್ಟೋ ವರ್ಷದ ಮೇಲೆ ನೋವಾಗಿ ತಲೆಯೆತ್ತುತ್ತದೆ. ವೈದ್ಯರಿಗೆ ಮೊದಲು ಅದನ್ನೇ ಹೇಳಿ.

ನೋವಿನ ಜಾಗ ಗುರುತಿಸಿ. ಏರು ಹತ್ತುವಾಗ, ಕುಕ್ಕರಗಾಲಲ್ಲಿ ಕೂರುವಾಗ ಹರಡಿನ ಮುಂಭಾಗ ಹಿಡಿದಂತಾದರೆ ಅನುಮಾನ ಹರಡಿನ ಮೇಲೆಯೇ. ಸಮತಟ್ಟಿಲ್ಲದ ನೆಲದಲ್ಲಿ ಪಾದ ಪಕ್ಕಕ್ಕೆ ವಾಲಿದಾಗ ನೋವು ಹೆಚ್ಚಾದರೆ ಅದರ ಕೆಳಗಿನ ಕೀಲನ್ನೂ ನೋಡಿಸಬೇಕು.

ಮನೆಯಲ್ಲೇ ಒಂದು ಪರೀಕ್ಷೆ: ಕಾಲಿನ ಹೆಬ್ಬೆರಳು ಗೋಡೆಯಿಂದ ಸುಮಾರು 10 ಸೆಂ.ಮೀ. ದೂರ ಇರಲಿ. ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ಒಂದು ಕಾಲಿಗೆ ಆಗಿ ಇನ್ನೊಂದಕ್ಕೆ ಆಗದಿದ್ದರೆ ಆ ಹರಡು ಬಿಗಿದಿದೆ ಎಂದರ್ಥ.

ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುವುದು ಸವೆತದ ಲಕ್ಷಣ. ಗಂಟೆ ಮೀರಿ, ಕೈಬೆರಳ ಗಂಟುಗಳೂ ಊದಿಕೊಂಡರೆ ರುಮಟಾಯ್ಡ್‌ಗೆ (ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ಎರಗುವ ಸಂಧಿವಾತ) ರಕ್ತಪರೀಕ್ಷೆ ಬೇಕು. ರಾತ್ರೋರಾತ್ರಿ ಕೆಂಪಗೆ ಊದಿದ್ದು ಗೌಟ್, ಅಂದರೆ ಯೂರಿಕ್ ಆಮ್ಲ ಕೀಲಿನಲ್ಲಿ ಹರಳುಗಟ್ಟಿ ಬರುವ ಊತ, ಇರಬಹುದು. ನೋವು ಜೋರಿರುವಾಗ ರಕ್ತದಲ್ಲಿ ಯೂರಿಕ್ ಆಮ್ಲ ಸರಿಯಾಗಿಯೇ ಕಾಣಬಹುದು, ಅಷ್ಟಕ್ಕೇ ಗೌಟ್ ಅಲ್ಲ ಎನ್ನಬೇಡಿ.

ಎಕ್ಸ್‌ರೇಯನ್ನು ನಿಂತೇ ತೆಗೆಸಿ. ಮಲಗಿ ತೆಗೆದರೆ ಮೈಭಾರ ಬೀಳದೆ, ಮೂಳೆಗಳ ನಡುವಿನ ಜಾಗ ಕಿರಿದಾದದ್ದು ಮುಚ್ಚಿಹೋಗುತ್ತದೆ.

ಚಿಕಿತ್ಸೆ ಚಪ್ಪಲಿಯಿಂದಲೇ ಶುರು. ತೋಟದ ಗಂಬೂಟು ಕೆಸರಿಗೆ ಒಳ್ಳೆಯದೇ, ಆದರೆ ಒಳಗೆ ಹರಡು ಅಲುಗಾಡುತ್ತದೆ. ಹರಡಿನ ಪಟ್ಟಿ ಕಟ್ಟಿಕೊಂಡೇ ಹಾಕಿ. ಹಿಮ್ಮಡಿಯ ಕಡೆ ತುಸು ಎತ್ತರವಿರುವ, ಅಡಿ ಗಟ್ಟಿಯಿರುವ ಬೂಟಿನಲ್ಲಿ ಏರು ಸುಲಭ. ಕೋಲನ್ನು ನೋಯುವ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ. ಹಲವರು ನೋವಿರುವ ಕಡೆಯೇ ಹಿಡಿಯುತ್ತಾರೆ, ಅದರಿಂದ ಭಾರ ಅಷ್ಟಾಗಿ ಇಳಿಯದು.

ದಿನಕ್ಕೆರಡು ಸಲ ಗೋಡೆಗೆ ಕೈಯೂರಿ ಮೀನಖಂಡವನ್ನು 30 ಸೆಕೆಂಡಿನಂತೆ ಮೂರು ಬಾರಿ ಎಳೆಯಿರಿ, ಆಮೇಲೆ ಹಿಮ್ಮಡಿಯನ್ನು ಹತ್ತು ಬಾರಿ ಎತ್ತಿ ಇಳಿಸಿ. ಬಿಗಿತಕ್ಕೆ ಬಿಸಿನೀರು, ಕೆಲಸ ಮುಗಿಸಿ ಬಂದಾಗಿನ ಊತಕ್ಕೆ ಬಟ್ಟೆ ಸುತ್ತಿದ ಐಸ್, 15 ನಿಮಿಷ. ಎಣ್ಣೆ ತಿಕ್ಕಿದರೆ ಹಾಯೆನಿಸೀತು, ಸವೆದದ್ದು ಬೆಳೆಯುವುದಿಲ್ಲ. ಹೊಟ್ಟೆಹುಣ್ಣು, ಬಿಪಿ, ಕಿಡ್ನಿ ತೊಂದರೆ ಇರುವವರು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು.

ಇಷ್ಟಕ್ಕೂ ಬಗ್ಗದಿದ್ದರೆ ಕೀಲನ್ನು ಬೆಸೆಯುವುದು ಅಥವಾ ಕೃತಕ ಕೀಲು ಹಾಕುವುದು, ಎರಡು ಮುಖ್ಯ ದಾರಿಗಳು. ಭಾರ ಹೊತ್ತು ದುಡಿಯುವವರಿಗೆ ಸಾಮಾನ್ಯವಾಗಿ ಬೆಸೆಯುವುದೇ ಬಾಳಿಕೆಯದು.

ಜ್ವರದೊಂದಿಗೆ ಹರಡು ಬಿಸಿಯಾಗಿ ಊದಿ, ಕಾಲೂರಲು ಆಗದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ನೋವಿಲ್ಲದೆ ಬಿಸಿಯಾಗಿ ಊದಿದರೂ ಕಾಯಬಾರದು, ತೋರಿಸುವವರೆಗೆ ಆ ಕಾಲಿನ ಮೇಲೆ ಭಾರವನ್ನೂ ಹಾಕಬಾರದು.